ಔಷಧದ ಚೀಟಿ ಮತ್ತು ಬಸುರಿಯ ಉಸಿರು

ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಕಥೆ, ಕಾದಂಬರಿಗಳ ಬಗ್ಗೆ ಬರೆಯುತ್ತ ಬಂದವರು. ಈ ಸಲ ವಿಮರ್ಶೆಗೆ ಎತ್ತಿಕೊಂಡಿರುವ ಬರಹಕ್ಕೆ ಲೇಖಕರ ಹೆಸರಿಲ್ಲ, ಮುನ್ನುಡಿಯಿಲ್ಲ, ಬಿಡುಗಡೆ ಸಮಾರಂಭವೂ ನಡೆದಿಲ್ಲ. ಆದರೂ ನಮ್ಮ ಯಾವ ಕಥಾಸಂಕಲನಕ್ಕಿಂತಲೂ ಹೆಚ್ಚು ಮನೆಗಳನ್ನು ಅದು ತಲುಪಿದೆ. ದಮ್ಮಿನ ಔಷಧದ ಡಬ್ಬಿಯೊಳಗೆ ಹತ್ತಾರು ಮಡಿಕೆಯಾಗಿ ಮಲಗಿರುವ ತೆಳುಕಾಗದದ ಚೀಟಿ ಅದು. ಬಿಡಿಸಿದರೆ ಮೊಳದುದ್ದವಾಗುತ್ತದೆ, ಮತ್ತೆ ಮೊದಲಿನಂತೆ ಮಡಿಸಲು ಯಾರಿಗೂ ಬರುವುದಿಲ್ಲ. ಹಾಗಾಗಿ ಬಹಳ ಜನ ಅದನ್ನು ಬಿಡಿಸುವುದೇ ಇಲ್ಲ.

ಅದರಲ್ಲಿ ಬಸುರಿಯರಿಗೂ ಹಾಲುಣಿಸುವ ತಾಯಂದಿರಿಗೂ ಮೀಸಲಾದ ಒಂದು ಭಾಗವಿರುತ್ತದೆ. ಎಂಟೋ ಹತ್ತೋ ಸಾಲು, ಇರುವೆ ಹರಿದಂಥ ಅಕ್ಷರ, ಇಂಗ್ಲಿಷ್ ಭಾಷೆ. ನಾವು ಆ ಸಾಲುಗಳನ್ನು ಮೊದಲ ಸಲ ಓದಿದ್ದು 2013ರಲ್ಲಿ, ನಮಗಾಗಿ ಅಲ್ಲ, ನಮ್ಮ ತಂಗಿಗಾಗಿ. ಅಂದು ನಾವು ಮಾಡಿದ ಓದು ತಪ್ಪಾಗಿತ್ತು. ಆ ತಪ್ಪಿನ ಲೆಕ್ಕ ಒಪ್ಪಿಸುವುದೂ ಈ ಬರಹದ ಒಂದು ಕೆಲಸ.

ತಂಗಿಗೆ ಚಿಕ್ಕಂದಿನಿಂದ ದಮ್ಮು. ಮದುವೆಯಾಗಿ ಹೋದದ್ದು ಶಿಡ್ಲಘಟ್ಟಕ್ಕೆ, ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆಗೆ. ಗೂಡು ಬೇಯುವ ಹಬೆ, ಒಲೆಯ ಹೊಗೆ, ಹುಳುವಿನ ವಾಸನೆ. ರೇಷ್ಮೆ ಬಿಚ್ಚುವವರಲ್ಲಿ ದಮ್ಮು ಹೆಚ್ಚೆಂದು ವೈದ್ಯರು 1980ರ ದಶಕದಲ್ಲೇ ಬರೆದಿದ್ದಾರೆ. ಆಕೆಯ ಬಳಿ ಎರಡು ಪಂಪುಗಳಿದ್ದವು. ಒಂದು, ದಿನವೂ ಬೆಳಿಗ್ಗೆ ಸಂಜೆ ಎಳೆಯುವ ಬ್ಯೂಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಕೂಡಿದ್ದು. ಇನ್ನೊಂದು, ಉಬ್ಬಸ ಬಂದಾಗ ಎಳೆಯುವ ಸಾಲ್ಬುಟಮಾಲ್. ಚೊಚ್ಚಲ ಬಸುರಿನ ಐದನೇ ತಿಂಗಳಲ್ಲಿ ತವರಿಗೆ ಬಂದವಳು ಎರಡೂ ಡಬ್ಬಿಯ ಚೀಟಿಗಳನ್ನು ತಂದು ನಮ್ಮ ಮುಂದಿಟ್ಟಳು. "ಆಪಾ, ಇಂಗ್ಲಿಷು ನಿಮಗೆ ಬರುತ್ತಲ್ಲ. ಇದರಲ್ಲಿ ಬಸುರಿಯರಿಗೆ ಏನು ಬರೆದಿದೆ, ಸ್ವಲ್ಪ ಓದಿ ಹೇಳಿ."

ಓದಿದೆವು. ಒಂದರಲ್ಲಿ, ಬಸುರಿಯರ ಮೇಲೆ ಸಾಕಷ್ಟು, ನಿಯಂತ್ರಿತ ಅಧ್ಯಯನಗಳು ನಡೆದಿಲ್ಲ ಎಂಬ ಅರ್ಥದ ವಾಕ್ಯವಿತ್ತು. ಕೆಳಗೆ ಸಿ ಎಂಬ ಒಂಟಿ ಅಕ್ಷರ. ಇನ್ನೊಂದರಲ್ಲಿ, ಇಲಿಗಳ ಚರ್ಮದಡಿ ಈ ಔಷಧವನ್ನು ಚುಚ್ಚಿದಾಗ ಮರಿಗಳಲ್ಲಿ ಸೀಳಂಗುಳ ಕಂಡಿತು ಎಂದಿತ್ತು. ಕೊನೆಗೆ, ಆಗುವ ಲಾಭ ಅಪಾಯಕ್ಕಿಂತ ಹೆಚ್ಚಿದ್ದರೆ ಮಾತ್ರ ಬಳಸತಕ್ಕದ್ದು ಎಂಬ ಮಾತು. ನಾವು ಇದನ್ನೆಲ್ಲ ನಮ್ಮ ಮನೆಮಾತಿಗೆ ಇಳಿಸಿ ಹೇಳಿದ್ದು ಹೀಗೆ: "ಬಸುರಿಯರಿಗೆ ಒಳ್ಳೆಯದು ಅಂತ ಹೇಳೋಕಾಗಲ್ಲ ಅಂತ ಬರೆದಿದ್ದಾರೆ. ಇಲಿಮರಿಗಳಿಗೆ ಅಂಗುಳ ಸೀಳಿತಂತೆ."

ಎರಡು ಭಾಷೆಯಲ್ಲಿ ಓದಿ ಬೆಳೆದವರು, ಉರ್ದು ಕಥೆಗಳನ್ನು ಕನ್ನಡಕ್ಕೆ ತರುವ ಹುಮ್ಮಸ್ಸಿನವರು. 'ಅಧ್ಯಯನ ನಡೆದಿಲ್ಲ' ಎಂಬುದಕ್ಕೂ 'ಒಳ್ಳೆಯದಲ್ಲ' ಎಂಬುದಕ್ಕೂ ಇರುವ ಅಂತರ ಅಂದು ನಮ್ಮ ಬಾಯಲ್ಲಿ ಎಲ್ಲಿ ಕರಗಿಹೋಯಿತೋ!

ಸೀಳು ಎಂಬ ಮಾತು ಬಿದ್ದ ನೆಲವೂ ಹದವಾಗಿತ್ತೆನ್ನಬೇಕು. ಗ್ರಹಣದ ಹೊತ್ತಿನಲ್ಲಿ ಬಸುರಿ ಚಾಕು, ಕತ್ತರಿ ಮುಟ್ಟಿದರೆ ಮಗುವಿನ ತುಟಿ ಸೀಳುತ್ತದೆ ಎಂಬ ಭಯ ನಮ್ಮ ಕಡೆ ಜಾತಿ ಧರ್ಮ ನೋಡದೆ ಎಲ್ಲ ಅಂಗಳಗಳಲ್ಲೂ ಇದೆ. ಅಮ್ಮಿ ಕೇಳಿಸಿಕೊಂಡರು, ಪಕ್ಕದ ಮನೆಯ ಖಾಲಾ ಕೇಳಿಸಿಕೊಂಡರು. ಸಂಜೆಯೊಳಗೆ ಎರಡೂ ಪಂಪು ಅಲ್ಮೇರಾದ ಮೇಲಿನ ಗೂಡಿಗೆ ಹೋದವು. ಮಗುವಿನ ಅಂಗುಳ ಕೂಡಿಕೊಳ್ಳುವುದು ಬಸುರಿನ ಮೊದಲ ಮೂರು ತಿಂಗಳಲ್ಲೇ, ಐದನೇ ತಿಂಗಳಲ್ಲಿ ಆ ಭಯಕ್ಕೆ ಅರ್ಥವೇ ಇರಲಿಲ್ಲ ಎಂದು ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಮೂರು ವಾರ ಹೇಗೋ ಕಳೆಯಿತು. ಆಮೇಲೆ ರಾತ್ರಿಗಳು ಶುರುವಾದವು. ದಿಂಬು ಒಟ್ಟಿಕೊಂಡು ಕೂತೇ ನಿದ್ದೆ. ಪಂಪು ಜೋರು, ಗುಳಿಗೆ ಸೌಮ್ಯ ಎಂಬುದು ಜನರ ನಂಬಿಕೆ. ಹಾಗೆಂದೇ ಆಕೆ ಮೆಡಿಕಲ್ ಶಾಪಿನಿಂದ ಸಾಲ್ಬುಟಮಾಲ್ ಗುಳಿಗೆಯನ್ನು ತರಿಸಿಕೊಂಡು ನಮಗೆ ಹೇಳದೆ ನುಂಗುತ್ತಿದ್ದಳು. ಲೆಕ್ಕ ನೋಡಿ: ಪಂಪಿನ ಒಂದು ಎಳೆತದಲ್ಲಿ ಇರುವುದು 100 ಮೈಕ್ರೋಗ್ರಾಮ್. 4 ಮಿಲಿಗ್ರಾಮಿನ ಒಂದು ಗುಳಿಗೆಯೆಂದರೆ ಅಂಥ 40 ಎಳೆತ. ಪಂಪಿನದು ನೇರ ಶ್ವಾಸನಾಳಕ್ಕೆ ಹೋಗುತ್ತದೆ, ರಕ್ತಕ್ಕೆ ಸೇರುವುದು ಅಲ್ಪ. ಗುಳಿಗೆ ಹೊಟ್ಟೆಯಿಂದ ರಕ್ತಕ್ಕಿಳಿದು ಮೈಯೆಲ್ಲ ಸುತ್ತುತ್ತದೆ, ಕೈ ನಡುಗಿಸುತ್ತದೆ, ಎದೆ ಬಡಿಸುತ್ತದೆ. ಮಗುವಿಗೆ ಔಷಧ ಸೋಕಬಾರದೆಂದು ಪಂಪು ಬಿಟ್ಟವಳು ನಲವತ್ತು ಪಟ್ಟು ಔಷಧ ತೆಗೆದುಕೊಳ್ಳುತ್ತಿದ್ದಳು.

ಏಳನೇ ತಿಂಗಳ ಒಂದು ಬೆಳಗಿನ ಜಾವ ಮಾತಾಡಲೂ ಉಸಿರು ಸಾಲದೆ ಆಸ್ಪತ್ರೆಗೆ ಒಯ್ದೆವು. ಅಲ್ಲಿದ್ದ ಎಳೆಯ ಡಾಕ್ಟರರು ಆಮ್ಲಜನಕ ಕೊಟ್ಟರು, ನೆಬ್ಯುಲೈಸರ್ ಹಚ್ಚಿದರು, ಸ್ಟಿರಾಯ್ಡ್ ಕೊಡಲು ಮಾತ್ರ ಹಿಂದೆ ಮುಂದೆ ನೋಡಿದರು. "ಬಸುರಿ ಅಲ್ಲವಾ" ಎಂದರು. ಎಂಟು ಗಂಟೆಗೆ ಬಂದ ಹಿರಿಯ ವೈದ್ಯೆ ಗದರಿ ಕೊಡಿಸಿದರು. ಮಗು ಮೂವತ್ತೈದನೇ ವಾರಕ್ಕೆ ಹುಟ್ಟಿತು, ಎರಡು ಕಿಲೋಗೂ ಕಡಿಮೆ ತೂಕ, ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ದಮ್ಮಿನಿಂದಲೇ ಹೀಗಾಯಿತೆಂದು ಯಾರೂ ಹೇಳಲಿಲ್ಲ, ಹಾಗೆ ಹೇಳಲೂ ಬರುವುದಿಲ್ಲ. ಅಲ್ಲವೆಂದೂ ಯಾರೂ ಹೇಳಲಿಲ್ಲ.

ಈಗ ಚೀಟಿಯ ವಾಕ್ಯಗಳಿಗೆ ಬರೋಣ. 'ಸಾಕಷ್ಟು ಅಧ್ಯಯನಗಳು ನಡೆದಿಲ್ಲ' ಎಂಬ ವಾಕ್ಯಕ್ಕೆ ಒಂದು ದುಃಖದ ಇತಿಹಾಸವಿದೆ. ಥಾಲಿಡೊಮೈಡ್ ಎಂಬ ಗುಳಿಗೆಯನ್ನು ಪಶ್ಚಿಮ ಜರ್ಮನಿಯಲ್ಲಿ 1957ರಿಂದ ಮಾರಲಾಯಿತು, ಬಸುರಿಯರ ವಾಕರಿಕೆಗೂ ಕೊಡಲಾಯಿತು. 1961ರ ಕೊನೆಗೆ ಹಿಂತೆಗೆದುಕೊಳ್ಳುವ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದ್ದರು. ಅಮೆರಿಕದ ಔಷಧ ಇಲಾಖೆಯಲ್ಲಿದ್ದ ಫ್ರಾನ್ಸೆಸ್ ಕೆಲ್ಸಿ ಎಂಬ ವೈದ್ಯೆ, ಪುರಾವೆ ಸಾಲದೆಂದು ಆ ಗುಳಿಗೆಗೆ ಒಪ್ಪಿಗೆ ಕೊಡದೆ ಕೂತರು. ಆಕೆಯ ಹಟದಿಂದ ಒಂದು ದೇಶದ ಮಕ್ಕಳು ಬಹುಮಟ್ಟಿಗೆ ಉಳಿದರು. ಹೆದರಿಕೆ ನ್ಯಾಯವಾದದ್ದೇ. ಆದರೆ ಅದರ ಬೆನ್ನಿಗೆ ಬಂದ ಪದ್ಧತಿಯೇನು? ಔಷಧ ಪರೀಕ್ಷೆಗಳಿಂದ ಬಸುರಿಯರನ್ನು ಹೊರಗಿಟ್ಟರು. ಹೊರಗಿಟ್ಟ ಮೇಲೆ ಅಧ್ಯಯನ ನಡೆಯುವುದೆಲ್ಲಿಂದ? ಮೊದಲು ಬಾಗಿಲು ಹಾಕಿಕೊಂಡು, ಆಮೇಲೆ ಒಳಗೆ ಯಾರೂ ಬರಲಿಲ್ಲವೆಂದು ಬರೆದಂತೆ ಈ ವಾಕ್ಯ.

ಆ ಸಿ ಅಕ್ಷರದ ಕಥೆಯೂ ಕೇಳಬೇಕಾದ್ದು. ಅಮೆರಿಕದ ಇಲಾಖೆ 1979ರಲ್ಲಿ ಔಷಧಗಳಿಗೆ ಎ, ಬಿ, ಸಿ, ಡಿ, ಎಕ್ಸ್ ಎಂಬ ಐದು ಅಕ್ಷರ ಹಚ್ಚಿತು. ಶಾಲೆಯಲ್ಲಿ ಸಿ ದರ್ಜೆ ತಂದು ಅಬ್ಬಾರಿಂದ ಬೈಸಿಕೊಂಡ ನಮಗೆ ಅದು ಮೂರನೆಯ ದರ್ಜೆಯ ಔಷಧ ಎಂದೇ ಕಂಡಿತು. ನಿಜದಲ್ಲಿ ಸಿ ಎಂದರೆ ಎರಡರಲ್ಲೊಂದು. ಪ್ರಾಣಿಗಳಲ್ಲಿ ಏನೋ ದೋಷ ಕಂಡಿದೆ, ಮನುಷ್ಯರಲ್ಲಿ ಸರಿಯಾದ ಅಧ್ಯಯನವಿಲ್ಲ ಎಂಬುದು ಒಂದು. ಪ್ರಾಣಿಗಳಲ್ಲೂ ಇಲ್ಲ, ಮನುಷ್ಯರಲ್ಲೂ ಇಲ್ಲ ಎಂಬುದು ಇನ್ನೊಂದು. ಅನುಮಾನಕ್ಕೂ ಅಜ್ಞಾನಕ್ಕೂ ಒಂದೇ ಅಕ್ಷರ. ಬರಹಗಾರರು ಹೀಗೆ ಒಂದೇ ಪದಕ್ಕೆ ಎರಡರ್ಥ ತುಂಬಿದರೆ ಶ್ಲೇಷೆ ಎನ್ನುತ್ತೇವೆ. ಬಸುರಿಯ ಕೈಗೆ ಕೊಡುವ ಕಾಗದದಲ್ಲಿ ಶ್ಲೇಷೆಗೇನು ಕೆಲಸ? ಓದುವವರು ಇದನ್ನು ದರ್ಜೆಯೆಂದು ತಪ್ಪು ತಿಳಿಯುತ್ತಾರೆಂದು ಆ ಇಲಾಖೆಯೇ ಒಪ್ಪಿಕೊಂಡಿತು. 2014ರ ಡಿಸೆಂಬರಿನಲ್ಲಿ ಹೊಸ ನಿಯಮ ಹೊರಡಿಸಿ, 2015ರ ಜೂನ್ ಕೊನೆಯಿಂದ ಅಕ್ಷರಗಳನ್ನು ಕೈಬಿಡುತ್ತ ಬಂದಿತು. ಈಗ ಅಕ್ಷರದ ಬದಲು ವಿವರಣೆ ಬರೆಯಬೇಕು, ರೋಗವನ್ನು ಹಾಗೇ ಬಿಟ್ಟರೆ ಆಗುವ ಅಪಾಯವನ್ನೂ ಗೊತ್ತಿದ್ದರೆ ಹೇಳಬೇಕು.

ಈ ಕೊನೆಯ ಮಾತೇ ನಮ್ಮ ತಕರಾರಿನ ತಿರುಳು. 'ಲಾಭ ಅಪಾಯಕ್ಕಿಂತ ಹೆಚ್ಚಿದ್ದರೆ ಮಾತ್ರ' ಎಂಬ ಹಳೆಯ ವಾಕ್ಯದಲ್ಲಿ ತಕ್ಕಡಿಯ ಒಂದೇ ತಟ್ಟೆಗೆ ತೂಕ ಹಾಕಿದ್ದಾರೆ. ಔಷಧದ ಅಪಾಯ ಅಲ್ಲಿದೆ. ಔಷಧ ಬಿಟ್ಟರೆ ಆಗುವ ಅಪಾಯ ಇಲ್ಲ. ಹತೋಟಿ ತಪ್ಪಿದ ದಮ್ಮಿನಿಂದ ಅವಧಿಗೆ ಮುನ್ನ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು, ತಾಯಿಗೆ ರಕ್ತದೊತ್ತಡ ಏರಿ ನಂಜಾಗುವುದು, ಇವೆಲ್ಲ ಹೆಚ್ಚೆಂದು ಅಧ್ಯಯನಗಳು ತೋರಿಸುತ್ತ ಬಂದಿವೆ. ದಮ್ಮಿನ ಔಷಧ ತೆಗೆದುಕೊಳ್ಳುವುದಕ್ಕಿಂತ ಉಬ್ಬಸ ಮತ್ತು ದಾಳಿಗಳನ್ನು ಅನುಭವಿಸುವುದೇ ಬಸುರಿಗೆ ಹೆಚ್ಚು ಅಪಾಯಕರ ಎಂಬ ಅರ್ಥದ ಮಾರ್ಗಸೂಚಿಯನ್ನು ಅಮೆರಿಕದ ತಜ್ಞರು 2005ರ ಹೊತ್ತಿಗೇ ಪ್ರಕಟಿಸಿದ್ದರು. ನಾವು ಚೀಟಿ ಓದಿದ್ದು ಅದಾದ ಎಂಟು ವರ್ಷಕ್ಕೆ.

ಪುರಾವೆಯೇ ಇರಲಿಲ್ಲವೇ? ಇತ್ತು. ಸ್ವೀಡನ್ ದೇಶದವರು 1973ರಿಂದ ಹುಟ್ಟುವ ಮಕ್ಕಳ ದಾಖಲೆ ಇಡುತ್ತಾರೆ. ಆ ದಾಖಲೆಯಿಂದ, ಬಸುರಿನ ಮೊದಲ ತಿಂಗಳುಗಳಲ್ಲಿ ಬ್ಯೂಡೆಸೊನೈಡ್ ಎಳೆದ ತಾಯಂದಿರ 2,014 ಶಿಶುಗಳನ್ನು ನೋಡಿದ ಅಧ್ಯಯನ 1999ರಲ್ಲಿ ಬಂತು. ಹುಟ್ಟು ದೋಷವಿದ್ದದ್ದು ಶೇಕಡಾ 3.8 ಮಕ್ಕಳಲ್ಲಿ. ಒಟ್ಟು ಜನಸಂಖ್ಯೆಯಲ್ಲಿ ಅದು ಶೇಕಡಾ 3.5. ಹೇಳಿಕೊಳ್ಳುವ ವ್ಯತ್ಯಾಸವಲ್ಲ. ಬ್ಯೂಡೆಸೊನೈಡಿನ ಪಂಪಿಗೆ ಅಮೆರಿಕದವರು ಬಿ ಅಕ್ಷರ ಕೊಟ್ಟದ್ದೂ ಇಂಥ ಪುರಾವೆಯಿಂದಲೇ. ಜೊತೆಗೆ ಫಾರ್ಮೊಟೆರಾಲ್ ಸೇರಿದೊಡನೆ ಅದೇ ಪಂಪು ಸಿ ಆಯಿತು. ಸ್ಟಿರಾಯ್ಡಿನಿಂದ ಇಲಿ ಜಾತಿಯ ಪ್ರಾಣಿಗಳಿಗಾಗುವಷ್ಟು ತೊಂದರೆ ಮನುಷ್ಯರಿಗಾಗುವುದಿಲ್ಲ ಎಂಬ ಅರ್ಥದ ವಾಕ್ಯವೂ ಇಂಥ ಚೀಟಿಗಳಲ್ಲೇ ಇರುತ್ತದೆ. ನಾವು ಅದನ್ನು ಹಾರಿಸಿ ಓದಿದ್ದೆವು.

ಅಪಾಯ ಸೊನ್ನೆ ಎಂದು ನಾವು ಹೇಳುತ್ತಿಲ್ಲ. ನುಂಗುವ ಸ್ಟಿರಾಯ್ಡನ್ನು ಮೊದಲ ತಿಂಗಳುಗಳಲ್ಲಿ ತೆಗೆದುಕೊಂಡವರ ಮಕ್ಕಳಲ್ಲಿ ಸೀಳುತುಟಿ ಕೊಂಚ ಹೆಚ್ಚೆಂದು ಹಳೆಯ ಅಧ್ಯಯನಗಳು ಹೇಳಿದ್ದುಂಟು. 2011ರಲ್ಲಿ ಬಂದ ಡೆನ್ಮಾರ್ಕಿನ ದೊಡ್ಡ ಅಧ್ಯಯನದಲ್ಲಿ ಅದು ಕಾಣಲಿಲ್ಲ. ಆದರೂ ದಾಳಿ ಜೋರಾದಾಗ ಆ ಸ್ಟಿರಾಯ್ಡ್ ಕೊಡಲೇಬೇಕೆಂದು ವೈದ್ಯಶಾಸ್ತ್ರ ಹೇಳುವುದು, ಎದುರಿನ ತಟ್ಟೆಯಲ್ಲಿ ತಾಯಿ ಮಗು ಇಬ್ಬರ ಉಸಿರೂ ಇರುವುದರಿಂದ. ಥಿಯೋಫಿಲಿನ್ ಜಾತಿಯ ಗುಳಿಗೆಗಳಿಗೂ ಅವುಗಳದೇ ಎಚ್ಚರಿಕೆಯಿದೆ: ಬಸುರು ಬೆಳೆದಂತೆ ಮೈ ಅದನ್ನು ಅರಗಿಸುವ ಬಗೆ ಬದಲಾಗುತ್ತದೆ, ಪ್ರಮಾಣವನ್ನು ವೈದ್ಯರೇ ನೋಡಿಕೊಳ್ಳಬೇಕು.

ದಮ್ ಎಂದರೆ ಉರ್ದುವಿನಲ್ಲಿ ಉಸಿರು, ದಮಾ ಎಂದರೆ ಉಸಿರಿನ ಕಾಯಿಲೆ. ಕನ್ನಡದಲ್ಲಿ ದಮ್ಮು ಎರಡೂ ಹೌದು, ಮೇಲೆ ತಾಕತ್ತೂ ಹೌದು: ದಮ್ಮಿದ್ದರೆ ಬಾ ಎನ್ನುತ್ತೇವೆ. ಬೀಡಿ ಎಳೆದರೂ ದಮ್ಮೇ. ದುವಾ ಓದಿ ಊದಿದರೂ ದಮ್. ಇಷ್ಟೊಂದು ದಮ್ಮಿರುವ ಭಾಷೆಗಳಲ್ಲಿ ಇಬ್ಬರಿಗಾಗಿ ಉಸಿರಾಡುವ ಹೆಣ್ಣಿನ ಉಸಿರಿಗೆ ಪದವಿಲ್ಲ. ಬಸುರಿನಲ್ಲಿ ಹೆಣ್ಣು ತಾನಾಗಿ ಹೆಚ್ಚು ಉಸಿರಾಡುತ್ತಾಳೆ. ರಕ್ತದ ಇಂಗಾಲಾಮ್ಲದ ಅಳತೆ ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿರುವುದು ಆಗ 30ರ ಆಸುಪಾಸಿಗೆ ಇಳಿಯುತ್ತದೆ. ಉಬ್ಬಸದ ನಡುವೆ ಬಸುರಿಯ ರಿಪೋರ್ಟಿನಲ್ಲಿ 40 ಎಂದು ಬಂದರೆ ಅದು ಸರಿಯಿದೆ ಎಂದಲ್ಲ, ಆಕೆ ದಣಿದು ಸೋಲುತ್ತಿದ್ದಾಳೆ ಎಂದರ್ಥ. ಅದೂ ಒಂದು ಪಠ್ಯ, ತಪ್ಪಾಗಿ ಓದಬಹುದಾದದ್ದು.

ಎಳೆಯ ಡಾಕ್ಟರರ ಹಿಂಜರಿಕೆಯನ್ನು ನಾವು ಒಬ್ಬರ ತಪ್ಪೆಂದು ಬಹುಕಾಲ ಎಣಿಸಿದ್ದೆವು. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಮ್ಮಿನ ದಾಳಿಯಿಂದ ತುರ್ತು ಚಿಕಿತ್ಸೆಗೆ ಬಂದ ಬಸುರಿಯಲ್ಲದ ಹೆಂಗಸರಲ್ಲಿ ಶೇಕಡಾ 66 ಮಂದಿಗೆ ಸ್ಟಿರಾಯ್ಡ್ ಸಿಕ್ಕಿದ್ದರೆ, ಬಸುರಿಯರಲ್ಲಿ ಶೇಕಡಾ 44 ಮಂದಿಗೆ ಮಾತ್ರ ಸಿಕ್ಕಿತ್ತು. ಟೆನೆಸಿ ರಾಜ್ಯದ 2006ರ ಅಧ್ಯಯನದಲ್ಲಿ, ಬಸುರಿನ ಮೊದಲ ವಾರಗಳಲ್ಲಿ ಎಳೆಯುವ ಸ್ಟಿರಾಯ್ಡಿನ ಬಳಕೆ ಶೇಕಡಾ 23ರಷ್ಟು ಕುಸಿದಿತ್ತು. ಶಿಡ್ಲಘಟ್ಟದ ಸೊಸೆಯೂ ಟೆನೆಸಿಯ ಹೆಣ್ಣೂ ಒಂದೇ ಅಲ್ಮೇರಾದಲ್ಲಿ ಪಂಪು ಬಚ್ಚಿಡುತ್ತಾರೆ.

ಇಷ್ಟಕ್ಕೂ ಚೀಟಿಯೊಂದನ್ನೇ ದೂರುವುದು ಸುಲಭ. ನಮ್ಮ ಕಥೆಗಳೇನು ಮಾಡಿವೆ? ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ನಾವು ಓದಿದ, ಬರೆದ ಎಷ್ಟೋ ಕಥೆಗಳಲ್ಲಿ ತಾಯಿಯಾಗುವುದೆಂದರೆ ಬಿಡುವುದು. ಊಟ ಬಿಡುತ್ತಾಳೆ, ನಿದ್ದೆ ಬಿಡುತ್ತಾಳೆ, ಮದ್ದು ಬಿಡುತ್ತಾಳೆ, ಕೊನೆಗೆ ಪ್ರಾಣ ಬಿಡುತ್ತಾಳೆ. ಓದುಗರು ಕಣ್ಣೊರೆಸಿಕೊಳ್ಳುತ್ತಾರೆ. ನಮ್ಮದೇ ಹಳೆಯ ಕಥೆಯೊಂದರಲ್ಲಿ ಅಂಥದೊಂದು ಹೆಣ್ಣಿದೆ, ಅದಕ್ಕೆ ಸಣ್ಣ ಬಹುಮಾನವೂ ಬಂದಿತ್ತು. ತಂಗಿ ಪಂಪು ಬಿಟ್ಟ ದಿನ ಅಮ್ಮಿ ಆಕೆಯ ತಲೆ ನೇವರಿಸಿ "ತಾಯಿ ಆದಳು ನನ್ನ ಮಗಳು" ಎಂದರು. ಆ ಮಾತಿನ ಹಿಂದೆ ನಮ್ಮಂಥವರ ಕಥೆಗಳೂ ಇದ್ದವು. ಹೊಟ್ಟೆಯೊಳಗಿನ ಮಗುವಿಗೆ ತಾಯಿಯ ರಕ್ತದ ಹೊರತು ಬೇರೆ ಗಾಳಿಯಿಲ್ಲ. ಆಕೆ ಉಸಿರು ಕಟ್ಟಿಕೊಂಡು ಮಾಡುವ ತ್ಯಾಗದಲ್ಲಿ ಮಗುವಿನ ಪಾಲೂ ಹೋಗುತ್ತದೆ. ಆ ಕಥೆಯನ್ನು ಮುಂದಿನ ಸಂಕಲನಕ್ಕೆ ಸೇರಿಸಲಿಲ್ಲ.

ಬಾಣಂತನದ ಕೋಣೆಗೆ ಬಂದರೆ ಇದೇ ತಮಾಷೆ ಮುಂದುವರಿಯುತ್ತದೆ. ಕಿಟಕಿ ಮುಚ್ಚಿ, ಕೆಂಡದ ಮೇಲೆ ಲೋಬಾನ ಹಾಕಿ, ಬಾಣಂತಿಯ ಕೂದಲಿಗೂ ಕೂಸಿನ ಮೈಗೂ ಹೊಗೆ ಹಿಡಿಸುತ್ತಾರೆ. ದಮ್ಮಿನವಳು ಕೆಮ್ಮುತ್ತಾಳೆ. ಹೊಗೆಗೆ ಯಾರೂ ಹೆದರುವುದಿಲ್ಲ. ಪಂಪು ಹೊರತೆಗೆದರೆ "ಹಾಲಿಗೆ ಇಳಿಯುತ್ತೆ" ಎನ್ನುತ್ತಾರೆ. ಇಳಿಯುವುದೆಷ್ಟು? ಬ್ಯೂಡೆಸೊನೈಡ್ ಎಳೆಯುವ ತಾಯಂದಿರ ಹಾಲನ್ನು ಅಳೆದು ನೋಡಿದಾಗ, ಕೂಸಿಗೆ ಸೇರುವುದು ತಾಯಿಯ ದಿನದ ಪ್ರಮಾಣದ ಶೇಕಡಾ 0.3ರಷ್ಟು ಎಂದು ಲೆಕ್ಕ ಹಾಕಿದ ಅಧ್ಯಯನ 2007ರಲ್ಲಿ ಬಂದಿದೆ. ನುಂಗುವ ಪ್ರೆಡ್ನಿಸೊಲೋನ್ ಕೂಡ ಹಾಲಿಗೆ ಇಳಿಯುವುದು ಅತ್ಯಲ್ಪ. ಥಿಯೋಫಿಲಿನ್ ಮಾತ್ರ ಕೆಲವು ಕೂಸುಗಳಲ್ಲಿ ಕಿರಿಕಿರಿ, ನಿದ್ದೆಗೇಡು ತರಬಹುದು.

ನಿಜವಾಗಿ ಹೆದರಬೇಕಾದ ಕಡೆ ಹೆದರಿಕೆಯಿಲ್ಲ. ಕೆಮ್ಮಿಗೆಂದು ಅಂಗಡಿಯಿಂದ ತರುವ ಕೆಲವು ಸಿರಪ್ಪುಗಳಲ್ಲಿ ಕೊಡೀನ್ ಇರುತ್ತದೆ. ಅದು ಹಾಲಿನಿಂದ ಕೂಸಿಗೆ ಸೇರಿ ಉಸಿರಾಟವನ್ನೇ ಮಂದಗೊಳಿಸಬಲ್ಲದೆಂದು, ಹಾಲುಣಿಸುವವರು ಬಳಸಬಾರದೆಂದು ಅಮೆರಿಕದ ಇಲಾಖೆ 2017ರಲ್ಲಿ ಎಚ್ಚರಿಸಿತು. ಮೂಗು ಕಟ್ಟಿದ್ದಕ್ಕೆ ಕೊಡುವ ಸೂಡೊಎಫೆಡ್ರಿನ್ ಇರುವ ಗುಳಿಗೆ ಹಾಲನ್ನೇ ಕಡಿಮೆ ಮಾಡಬಲ್ಲದು. 60 ಮಿಲಿಗ್ರಾಮಿನ ಒಂದೇ ಗುಳಿಗೆಯಿಂದ ಆ ದಿನದ ಹಾಲು ಶೇಕಡಾ 24ರಷ್ಟು ಇಳಿದದ್ದನ್ನು 2003ರ ಒಂದು ಸಣ್ಣ ಅಧ್ಯಯನ ತೋರಿಸಿತ್ತು. ಇವನ್ನು ಚೀಟಿಯಿಲ್ಲದೆ, ಬಿಡಿ ಬಿಡಿಯಾಗಿ ಕತ್ತರಿಸಿ ಕೊಡುತ್ತಾರೆ.

ರಂಜಾನಿನ ಮಾತೂ ಒಂದಿಷ್ಟು ಇದೆ. ಪಂಪಿನಿಂದ ರೋಜಾ ಮುರಿಯುತ್ತದೆಯೇ ಎಂಬುದರಲ್ಲಿ ಉಲಮಾಗಳಿಗೆ ಎರಡು ಅಭಿಪ್ರಾಯಗಳಿವೆ. ಬಸುರಿಗೂ ಹಾಲುಣಿಸುವವಳಿಗೂ, ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ರೋಜಾದಿಂದಲೇ ವಿನಾಯಿತಿಯಿದೆ ಎಂಬುದರಲ್ಲಿ ಮಾತ್ರ ಅಂಥ ಭಿನ್ನಾಭಿಪ್ರಾಯವಿಲ್ಲ. ಆದರೂ ಮೊದಲನೆಯ ಚರ್ಚೆಯನ್ನು ಜೋರಾಗಿ ಮಾಡುವ ಮನೆಗಳಲ್ಲಿ ಎರಡನೆಯದನ್ನು ಹೆಂಗಸರಿಗೆ ಯಾರೂ ನೆನಪಿಸುವುದಿಲ್ಲ.

ತಂಗಿ ಎರಡನೇ ಸಲ ಬಸುರಿಯಾದದ್ದು 2017ರಲ್ಲಿ. ಈ ಸಲ ಎರಡನೇ ತಿಂಗಳಲ್ಲೇ ಪಂಪುಗಳನ್ನು ಹಿಡಿದು ಆ ಹಿರಿಯ ವೈದ್ಯೆಯ ಬಳಿಗೆ ಹೋದಳು, ನಾವು ಜೊತೆಗಿದ್ದೆವು. ಅವರು ಪಂಪು ಎಳೆಯಿಸಿ ನೋಡಿ, ಎಳೆಯುವ ರೀತಿಯನ್ನು ತಿದ್ದಿ, ಎರಡನ್ನೂ ಮುಂದುವರಿಸಲು ಹೇಳಿದರು. ಹೆರಿಗೆಯ ಹೊತ್ತಿಗೆ ನೆನಪಿಡಬೇಕಾದ ಒಂದು ಮಾತನ್ನೂ ಹೇಳಿದರು. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಕೊಡುವ ಚುಚ್ಚುಮದ್ದುಗಳಲ್ಲಿ ಕಾರ್ಬೊಪ್ರೊಸ್ಟ್ ಎಂಬುದು ಶ್ವಾಸನಾಳವನ್ನು ಬಿಗಿಯುತ್ತದೆ, ದಮ್ಮಿದ್ದವರಿಗೆ ಅದು ಕೂಡದು. ಆಕ್ಸಿಟೋಸಿನ್‌ನಂಥ ಬೇರೆ ಮದ್ದುಗಳಿವೆ. ಆದ್ದರಿಂದ ವಾರ್ಡಿಗೆ ಕಾಲಿಟ್ಟೊಡನೆ ದಮ್ಮಿದೆಯೆಂದು ಹೇಳಲೇಬೇಕು.

ಹೊರಗೆ ಬಂದು ಹೊಸ ಡಬ್ಬಿ ಕೊಂಡೆವು. ಚೀಟಿ ಅದೇ ಮಡಿಕೆಯಲ್ಲಿತ್ತು, ಅದೇ ಇರುವೆ ಅಕ್ಷರ, ಕನ್ನಡವಿಲ್ಲ, ಉರ್ದುವಿಲ್ಲ. ನಾವು ಬಿಡಿಸಲು ಹೋದೆವು. ತಂಗಿ ಅದನ್ನು ನಮ್ಮ ಕೈಯಿಂದ ತೆಗೆದುಕೊಂಡು ವೈದ್ಯೆಯ ಚೀಟಿಯ ಹಿಂದೆ ಪಿನ್ನು ಹಾಕಿಸಿದಳು. "ನೀವು ಓದಬೇಡಿ ಆಪಾ," ಎಂದಳು. "ತಿಳಿಯದ್ದನ್ನು ಅವರನ್ನೇ ಕೇಳುತ್ತೇನೆ." ಮತ್ತೆ ರಸ್ತೆ ದಾಟುವ ಮುನ್ನ ನಿಂತು, ಬುರ್ಖಾದ ಅಂಚು ಸರಿಸಿ, ನೀಲಿ ಪಂಪನ್ನು ಎಳೆದುಕೊಂಡಳು.